ಸನ್ಮಾನಪತ್ರದ ಒಕ್ಕಣೆ

ಮಧ್ಯಾಹ್ನ ಎರಡು ಗಂಟೆಯ ಮೇಲೆ ನಮ್ಮ ಬ್ಯಾಂಕಿಗೆ ಬರುವವರಲ್ಲಿ ಹಣದ ಕೆಲಸವಿರುವವರು ಕಡಿಮೆ. ಮಗಳ ಮದುವೆ ಕಾಗದದ ಪ್ರೂಫ್ ತಿದ್ದಿಸಿಕೊಳ್ಳುವವರು, ಭೂತಸ್ಥಾನದ ಜೀರ್ಣೋದ್ಧಾರಕ್ಕೆ ವಿಜ್ಞಾಪನೆ ಬರೆಸಿಕೊಳ್ಳುವವರು, ತೀರಿಹೋದವರ ಉತ್ತರಕ್ರಿಯೆಯ ಕಾಗದದಲ್ಲಿ 'ಸದ್ಗತಿ'ಗೆ ಎಷ್ಟು ಒತ್ತು ಎಂದು ಕೇಳುವವರು ಆ ಹೊತ್ತನ್ನು ನೋಡಿಯೇ ಬರುತ್ತಾರೆ. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಬಿ.ಎ. ಮಾಡಿ ಗುಮಾಸ್ತನಾದವನಿಗೆ ಊರು ಕೊಡುವ ಬಡ್ತಿ ಇಷ್ಟೇ. ಇದರ ಬಗ್ಗೆ ನನಗೆ ಬೇಸರವೇನೂ ಇಲ್ಲ.

ಕಳೆದ ವರ್ಷದ ಕೊನೆಗೆ ಹಾಗೆ ಬಂದವರು ನಮ್ಮ ಬ್ಯಾಂಕಿನ ಹಳೆಯ ಗಿರಾಕಿ, ಕಟ್ಟಡ ಸಾಮಗ್ರಿಯ ಅಂಗಡಿಯ ಚಿಕ್ಕ ಮುದಲಾಳಿ. ಚಿಕ್ಕ ಎಂದರೂ ವಯಸ್ಸು ನನ್ನದೇ. ದೊಡ್ಡ ಮುದಲಾಳಿ ತೀರಿಕೊಂಡು ಹತ್ತು ವರ್ಷ ಮೇಲಾಯಿತು, ಮಗ ಮಾತ್ರ ಇನ್ನೂ ಚಿಕ್ಕವರಾಗಿಯೇ ಉಳಿದಿದ್ದಾರೆ. ಅವರು ಹೆದ್ದಾರಿಯ ಬದಿಯಲ್ಲಿ ಮೂರು ಮಾಳಿಗೆಯ ಹೊಸ ಷೋರೂಮು ತೆರೆಯುವವರಿದ್ದರು. ಅದು ಅವರ ಮೂರನೆಯ ಅಂಗಡಿ.

"ಸಾರ್, ಉದ್ಘಾಟನೆಯ ದಿವಸ ಕಷ್ಟಪಟ್ಟು ದುಡಿದ ಏಳು ಮಂದಿ ಸ್ಟಾಫಿಗೆ ಸನ್ಮಾನ ಉಂಟು. ಐದು ಪತ್ರ ಮಲಯಾಳದಲ್ಲಿ, ಅದನ್ನು ಒಬ್ಬರು ಮಾಷ್ ಬರೆಯುತ್ತಾರೆ. ಇಬ್ಬರಿಗೆ ಕನ್ನಡವೇ ಓದಲು ಬರುವುದು. ಅವರ ಮನೆಯ ಗೋಡೆಯಲ್ಲಿ ಅವರಿಗೇ ಓದಲಾಗದ್ದನ್ನು ತೂಗಹಾಕಿ ಪ್ರಯೋಜನವೇನು? ನೀವು ಬರೆದುಕೊಡಬೇಕು. ನೀವು ರೈಟರ ಮಗನಲ್ಲವೇ?"

ಆ ಕೊನೆಯ ಮಾತನ್ನು ಸ್ವಲ್ಪ ವಿವರಿಸಬೇಕು. ನನ್ನ ಅಪ್ಪ 1974ರಿಂದ 2006ರ ತನಕ, ಮೂವತ್ತೆರಡು ವರ್ಷ, ಆ ಅಂಗಡಿಯಲ್ಲಿ ಲೆಕ್ಕ ಬರೆದವರು. ಊರೆಲ್ಲ ಅವರನ್ನು ಕರೆಯುವುದು ರೈಟರ್ ಎಂದೇ. ಕತೆ ಬರೆಯುವ ರೈಟರ್ ಅಲ್ಲ, ಕಿರ್ದಿ ಮತ್ತು ಖಾತೆಪುಸ್ತಕ ಬರೆಯುವ ರೈಟರ್.

ಆ ಅಂಗಡಿ ಹುಟ್ಟಿದ್ದು ಹಂಚಿನ ಡಿಪೋ ಆಗಿ. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯ ಮಾಡುಗಳ ಬಣ್ಣವೇ ಬದಲಾಯಿತಷ್ಟೆ. ಮುಳಿಹುಲ್ಲು ಹೊದೆಸಿದ ಮಾಡಿನಿಂದ ಹಂಚಿಗೆ ಬರುವುದೆಂದರೆ ಒಂದು ಮನೆತನ ಮೇಲಕ್ಕೆ ಬಂದ ಹಾಗೆ. ದೊಡ್ಡ ಮುದಲಾಳಿ ಹಳೆಯ ಬಸ್‌ಸ್ಟೇಂಡಿನ ಹತ್ತಿರ ಹಂಚು, ಕನ್ನಡಿಹಂಚು, ಪಕ್ಕಾಸು, ರೀಪು, ಸುಣ್ಣ ಇಟ್ಟುಕೊಂಡು ಕುಳಿತವರು. ಅವರ ಮನೆಮಾತು ಮಲಯಾಳ. ಆದರೆ ಓದಿದ್ದು, ನಮ್ಮ ತಾಲೂಕು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರುವುದಕ್ಕೂ ಮೊದಲು, ದಕ್ಷಿಣ ಕನ್ನಡ ಜಿಲ್ಲೆಯ ಕನ್ನಡ ಶಾಲೆಯಲ್ಲಿ. ಹಾಗಾಗಿ ಅಂಗಡಿಯ ಬೋರ್ಡಿಗೆ ಮಲಯಾಳ, ಲೆಕ್ಕಕ್ಕೆ ಕನ್ನಡ, ತೆರಿಗೆ ಕಚೇರಿಗೆ ಇಂಗ್ಲಿಷು, ಜಗಳಕ್ಕೆ ತುಳು ಎಂದು ಭಾಷೆಗಳು ತಮ್ಮ ತಮ್ಮ ಜಾಗದಲ್ಲಿ ಕುಳಿತಿದ್ದವು. ಗಡಿ ಸಮಸ್ಯೆ ಎಂದು ನಾವು ಭಾಷಣ ಮಾಡುವುದೆಲ್ಲ ಆ ಅಂಗಡಿಯ ಜಗಲಿ ಹತ್ತುತ್ತಿರಲಿಲ್ಲ.

ಸಿಮೆಂಟು ಆ ಕಾಲದಲ್ಲಿ ಪರ್ಮಿಟ್ಟಿನ ವಸ್ತು. ಹತ್ತು ಚೀಲ ಬೇಕಾದರೆ ಅರ್ಜಿ, ಶಿಫಾರಸು, ಕಾಯುವಿಕೆ. ಬಾವಿಗೆ ಕಟ್ಟೆ ಕಟ್ಟಿಸುವವನ ಮುಖದಲ್ಲಿ ಆಸ್ಪತ್ರೆಗೆ ಹೊರಟವನ ಕಳೆ ಇರುತ್ತಿತ್ತಂತೆ. 1982ರ ಫೆಬ್ರವರಿಯಲ್ಲಿ ಸರಕಾರ ಅರ್ಧ ಹಿಡಿತ ಬಿಟ್ಟಿತು, 1989ರ ಮಾರ್ಚಿನಲ್ಲಿ ಪೂರಾ ಬಿಟ್ಟಿತು. ಅಷ್ಟು ಹೊತ್ತಿಗೆ ಕೊಲ್ಲಿಯ ಹಣ ನಮ್ಮೂರಿಗೆ ಬರತೊಡಗಿತ್ತು. ಹಂಚಿನ ಮಾಡುಗಳು ಇಳಿದವು, ತಾರಸಿಗಳು ಎದ್ದವು. ಡಿಪೋ ಅಂಗಡಿಯಾಯಿತು, ಅಂಗಡಿ ಎರಡಾಯಿತು. ಕಂಬಿ, ಪೈಪು, ಸೆರಾಮಿಕ್ ಟೈಲ್ಸು, ಆಮೇಲೆ ಕನ್ನಡಿಯ ಹಾಗೆ ಹೊಳೆಯುವ ವಿಟ್ರಿಫೈಡ್ ಟೈಲ್ಸು. ಹೊಳೆಯ ಹೊಯ್ಗೆಗೆ 2001ರ ಕಾನೂನು ಕಡಿವಾಣ ಹಾಕಿದ ಮೇಲೆ ಮೆಲ್ಲಮೆಲ್ಲನೆ ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್ ಬಂತು. 2016ರ ನೋಟು ರದ್ದತಿ, 2017ರ ಜಿ.ಎಸ್.ಟಿ. ಎರಡನ್ನೂ ಅಂಗಡಿ ದಾಟಿತು. ಎಷ್ಟು ಸಾಲ ಮಾಡಿ ದಾಟಿತು ಎಂದು ನನಗೆ ಗೊತ್ತು, ಹೇಳುವಂತಿಲ್ಲ. ಬ್ಯಾಂಕಿನವನ ಬಾಯಿಗೂ ತಿಜೋರಿಯ ಹಾಗೆ ಎರಡು ಬೀಗದ ಕೈ. ಈಗ ಅದು ಪ್ರೈವೇಟ್ ಲಿಮಿಟೆಡ್ ಕಂಪೆನಿ. ನಲುವತ್ತಕ್ಕಿಂತ ಹೆಚ್ಚು ಮಂದಿಯ ಸಂಬಳದ ಪಟ್ಟಿ ತಿಂಗಳ ಒಂದನೆಯ ತಾರೀಕಿಗೆ ನನ್ನ ಕಂಪ್ಯೂಟರಿಗೆ ಬರುತ್ತದೆ. ತಡವಾದದ್ದು ನಾನು ಕಂಡಿಲ್ಲ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರೆಯುವುದು ಅಷ್ಟು ಹಿತವಾದ ಸಂಗತಿಯಲ್ಲ.

ಏಳು ಮಂದಿಯ ಪಟ್ಟಿ ನೋಡಿದೆ. ಒಬ್ಬ ಮೆನೇಜರು, ಬಿಲ್ಲು ಬರೆಯುವ ಹೆಂಗಸು, ಟೈಲ್ಸ್ ತೋರಿಸುವ ಇಬ್ಬರು, ಒಬ್ಬ ಲಾರಿ ಡ್ರೈವರು, ಗೋಡೌನು ನೋಡಿಕೊಳ್ಳುವವರು, ಗುಡಿಸಿ ಒರೆಸುವ ಅಕ್ಕ. ಆಯ್ಕೆಯಲ್ಲಿ ತಪ್ಪು ಹುಡುಕುವ ಹಾಗಿಲ್ಲ. ಬಿಲ್ಲಿನ ಆ ಹೆಂಗಸು ಹನ್ನೆರಡು ವರ್ಷದಿಂದ ಇದ್ದಾರೆ. ಅದರಲ್ಲಿ ಮೊದಲ ಐದಾರು ವರ್ಷ ನಿಂತುಕೊಂಡೇ ಬಿಲ್ಲು ಬರೆದವರು. ಕಲ್ಲಿಕೋಟೆಯ ಮಿಠಾಯಿ ತೆರುವಿನ ಅಂಗಡಿಗಳ ಹೆಂಗಸರು ವರ್ಷಗಟ್ಟಲೆ ಹೋರಾಡಿದ ಮೇಲೆ, 2018ರಲ್ಲಿ ಕೇರಳ ಸರಕಾರ ಕಾನೂನು ತಿದ್ದಿ, ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಕುಳಿತುಕೊಳ್ಳಲು ಆಸನ ಕೊಡಬೇಕೆಂದಿತು. ಕುಳಿತುಕೊಳ್ಳುವುದಕ್ಕೂ ಒಂದು ಕಾನೂನು ಬೇಕಾಯಿತೇ ಎಂದು ದಿನವಿಡೀ ಕುಳಿತೇ ಇರುವ ನನಗೆ ಆಗ ನಗು ಬಂದಿತ್ತು. ಒಮ್ಮೆ ಆ ಹೆಂಗಸಿನ ಊದಿದ ಪಾದ ನೋಡಿದ ಮೇಲೆ ಬರಲಿಲ್ಲ.

ಪಟ್ಟಿ ಓದಿ ಮುಗಿಸಿ, "ಅಣ್ಣನ ಹೆಸರಿಲ್ಲವಲ್ಲ?" ಎಂದೆ.

"ಯಾವ ಅಣ್ಣ?"

ನಾನು ಹೇಳಿದೆ. ಚಿಕ್ಕ ಮುದಲಾಳಿಯ ಮುಖದಲ್ಲಿ ನಿಜವಾದ ಆಶ್ಚರ್ಯ. "ಅವರು ನಮ್ಮ ಸ್ಟಾಫ್ ಅಲ್ಲವಲ್ಲ ಸಾರ್. ಯೂನಿಯನಿನವರಲ್ಲವಾ?"

ಹೆಸರು ಬರೆಯಬಾರದೆಂದು ಅವರೇ ಹೇಳಿದ್ದರಿಂದ ಇಲ್ಲಿ ಅಣ್ಣ ಎಂದೇ ಬರೆಯುತ್ತೇನೆ. ವಯಸ್ಸು ಐವತ್ತೆಂಟು. ನೀಲಿ ಅಂಗಿ, ತಲೆಗೆ ಸುತ್ತಿದ ತೋರ್ತು, ಅದರ ಮೇಲೆ ಗೋಣಿಚೂರಿನ ಸಿಂಬೆ. ಅಂಗಡಿಗೆ ಬರುವ ಲಾರಿಯ ಮಾಲು ಇಳಿಸುವ, ಗಿರಾಕಿಯ ವಾಹನಕ್ಕೆ ಏರಿಸುವ ಗುಂಪಿನವರು. ಮಲಯಾಳದಲ್ಲಿ ಚುಮಟ್ಟು ತೊಳಿಲಾಳಿ, ತುಳುವಿನಲ್ಲಿ ಪುದೆ ಹೊರುವವರು. ನಾನು ಚಡ್ಡಿ ಹಾಕಿಕೊಂಡು ಅಪ್ಪನಿಗೆ ಬುತ್ತಿ ಕೊಂಡುಹೋಗುತ್ತಿದ್ದ ದಿನಗಳಿಂದ ಅವರನ್ನು ಅದೇ ಅಂಗಡಿಯ ಮುಂದೆ ಕಂಡಿದ್ದೇನೆ. ಅಂಗಡಿಯ ಗೋಡೆ ಬದಲಾಗಿದೆ, ಬೋರ್ಡು ಬದಲಾಗಿದೆ, ಮುದಲಾಳಿ ಬದಲಾಗಿದ್ದಾರೆ.

ಬ್ಯಾಂಕಿನವನ ದುರಭ್ಯಾಸದಿಂದ ಒಂದು ಲೆಕ್ಕ ಹಾಕಿದೆ. ದಿನಕ್ಕೆ ಎಂಬತ್ತು ಚೀಲ ಎಂದು ಕಡಿಮೆಯೇ ಹಿಡಿಯೋಣ. ವರ್ಷಕ್ಕೆ 250 ದಿನ. ಅಲ್ಲಿಗೆ ವರ್ಷಕ್ಕೆ 20,000 ಚೀಲ. ಅವರಿಗೆ ಯೂನಿಯನಿನ ಕಾರ್ಡು ಸಿಕ್ಕಿದ 1987ರಿಂದ ಮೂವತ್ತೆಂಟು ವರ್ಷಕ್ಕೆ 7,60,000 ಚೀಲ. ಒಂದೊಂದರಲ್ಲಿ ಐವತ್ತು ಕಿಲೋ. 38,000 ಟನ್ನು. ಹತ್ತು ಟನ್ನಿನ ಲಾರಿಯಲ್ಲಿ ತುಂಬಿದರೆ 3,800 ಲಾರಿ. ನಮ್ಮ ತಾಲೂಕಿನ ಎಷ್ಟು ತಾರಸಿ ಈ ಒಂದು ಕತ್ತಿನ ಮೇಲಿಂದ ದಾಟಿ ಹೋಗಿರಬೇಕು!

ಆದರೆ ಚಿಕ್ಕ ಮುದಲಾಳಿ ಹೇಳಿದ್ದು ಕಾನೂನಿನ ಪ್ರಕಾರ ಸರಿ. 1978ರ ಕೇರಳ ಚುಮಟ್ಟು ತೊಳಿಲಾಳಿ ಕಾನೂನು, 1983ರ ಕ್ಷೇಮನಿಧಿ ಯೋಜನೆ ಇವೆಲ್ಲ ಬಂದ ಮೇಲೆ ತಲೆಹೊರೆಯವರದ್ದು ಬೇರೆಯೇ ಒಂದು ವ್ಯವಸ್ಥೆ. ಅವರಿಗೊಂದು ಕಾರ್ಡು, ಗುಂಪು, ಗೊತ್ತುಮಾಡಿದ ರೇಟು, ಕ್ಷೇಮನಿಧಿ. ಅಂಗಡಿಯವರು ಕೂಲಿ ಕೊಡುತ್ತಾರೆ, ಆದರೆ ಅವರು ಅಂಗಡಿಯ ನೌಕರರಲ್ಲ. ಇದರಿಂದ ಅವರಿಗೆ ಅನ್ಯಾಯವಾಯಿತೆಂದು ಯಾರೂ ಹೇಳಲಾರರು. ಅದಕ್ಕೆ ಮೊದಲು ಮುದಲಾಳಿ ಕೊಟ್ಟದ್ದೇ ಕೂಲಿ, ಬೆನ್ನು ಮುರಿದರೆ ಮನೆ.

ನಾನು ಯೂನಿಯನಿನ ಪರ ವಕಾಲತ್ತು ಹಿಡಿದವನೂ ಅಲ್ಲ. 2014ರಲ್ಲಿ ನಾನು ಮನೆ ಕಟ್ಟಿಸುವಾಗ ಟಿಪ್ಪರಿನಲ್ಲಿ ಬಂದ ಜಲ್ಲಿ ತನ್ನಷ್ಟಕ್ಕೆ ಸುರಿದು ಬಿದ್ದದ್ದಕ್ಕೆ, ಬದಿಯಲ್ಲಿ ನಿಂತು ನೋಡಿದ ಐವರಿಗೆ ನೋಕ್ಕುಕೂಲಿ ಕೊಟ್ಟಿದ್ದೇನೆ. ಹೊಟ್ಟೆ ಉರಿದಿತ್ತು. ಸರಕಾರ ಅದನ್ನು 2018ರ ಮೇ 1ರಿಂದ ನಿಲ್ಲಿಸಿದಾಗ, ಕಾರ್ಮಿಕರ ದಿನವನ್ನೇ ಆರಿಸಿದ್ದಕ್ಕೆ ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದ್ದೆ. ಆ ಐವರಲ್ಲಿ ಅಣ್ಣ ಇರಲಿಲ್ಲ, ಅದು ಬೇರೆ ಗುಂಪು. ಅದೇ ವರ್ಷ ಜೂನಿನ ಮೊದಲ ಮಳೆಯ ರಾತ್ರಿ ಅಂಗಳದಲ್ಲಿ ಟಾರ್ಪಾಲಿನ ಅಡಿಯಲ್ಲಿ ಅರುವತ್ತು ಚೀಲ ಸಿಮೆಂಟು ನೆನೆಯುವುದರಲ್ಲಿದ್ದಾಗ ಫೋನು ಮಾಡಿದ್ದು ಅಣ್ಣನಿಗೆ. ಒಬ್ಬರನ್ನು ಜತೆಗೆ ಕರಕೊಂಡು ಬಂದು ಮುಕ್ಕಾಲು ಗಂಟೆಯಲ್ಲಿ ಅಷ್ಟನ್ನೂ ಒಳಗೆ ಅಟ್ಟಿ ಹಾಕಿದರು. ನಾನು ಕೃತಜ್ಞತೆಯಿಂದ ಸಾವಿರದ ನೋಟು ಚಾಚಿದರೆ ತೆಗೆದುಕೊಳ್ಳಲಿಲ್ಲ. ರೇಟು ಲೆಕ್ಕ ಮಾಡಿ ಅಷ್ಟನ್ನೇ ಎಣಿಸಿಕೊಂಡರು. "ರೇಟು ಅಂದರೆ ರೇಟು. ನಾಳೆ ನೀವು ಕಡಿಮೆ ಕೊಟ್ಟರೆ ನಾನು ಜಗಳ ಮಾಡುವುದು ಬೇಡವಾ?" ಎಂದರು.

ಇರಲಿ. ಎರಡು ಸನ್ಮಾನಪತ್ರ ಬರೆಯಲು ಕುಳಿತೆ. ಈ ಕೆಲಸ ಮಾಡಿದವರಿಗೆ ಗೊತ್ತು, ಸನ್ಮಾನಪತ್ರದ ಕನ್ನಡ ಎಂಬುದು ಬೇರೆಯೇ ಉಂಟು. ನಿಷ್ಠೆ, ಪ್ರಾಮಾಣಿಕತೆ, ಸರಳ ಸಜ್ಜನಿಕೆ. ಹೆಸರು ಬದಲಿಸಿದರೆ ಯಾರ ಕೊರಳಿಗೂ ಆಗುವ ಹಾರ. ಹಾಗಾಗದಿರಲೆಂದು ಡ್ರೈವರಣ್ಣನನ್ನು ಕೇಳಿ ಒಂದು ನಿಜ ಸಂಗತಿ ಸೇರಿಸಿದೆ. 2020ರ ಮಾರ್ಚಿನಲ್ಲಿ ಕೊರೋನದ ಲಾಕ್‌ಡೌನಿಗೆ ತಲಪಾಡಿಯ ಗಡಿ ಮುಚ್ಚಿದಾಗ ಅವರು ಮಂಗಳೂರಿನಿಂದ ಟೈಲ್ಸ್ ಹೇರಿಕೊಂಡು ಬರುತ್ತಿದ್ದವರು ಆಚೆಯೇ ಸಿಕ್ಕಿಬಿದ್ದು, ಮೂರು ರಾತ್ರಿ ಲಾರಿಯಲ್ಲೇ ಮಲಗಿ ಮಾಲು ಕಾದಿದ್ದರು. ಚಿಕ್ಕ ಮುದಲಾಳಿ ಓದಿ, "ಇದು ಬೇಡ ಸಾರ್, ಎರಡು ಸರಕಾರಗಳ ಮಧ್ಯೆ ನಮಗೆ ಯಾಕೆ?" ಎಂದರು. ತೆಗೆದೆ. ಅಲ್ಲಿ 'ಕಾರ್ಯತತ್ಪರತೆ' ಎಂದು ಹಾಕಿದೆ.

ಗೋಡೌನಿನವರ ಪತ್ರದಲ್ಲಿ ಅಂಗಡಿಯ ಹಳೆಯ ಚರಿತ್ರೆ ಎರಡು ಸಾಲು ಬೇಕಿತ್ತು. ಅದಕ್ಕಾಗಿ ಅಟ್ಟ ಹತ್ತಿದೆ. ಅಂಗಡಿಗೆ ಕಂಪ್ಯೂಟರು ಬಂದಾಗ ದೊಡ್ಡ ಮುದಲಾಳಿ ಹಳೆಯ ಕಿರ್ದಿ ಪುಸ್ತಕಗಳನ್ನು ತೂಕಕ್ಕೆ ಮಾರಲು ಹೊರಟಿದ್ದರು, ಅಪ್ಪ ಕೇಳಿ ಮನೆಗೆ ತಂದಿದ್ದರು. ಕೆಂಪು ಬಟ್ಟೆಯ ರಟ್ಟು, ಅಂಚಿಗೆ ಗೆದ್ದಲು ಹಿಡಿದ ಗುರುತು, ಒಳಗೆ ಅಪ್ಪನ ಮುದ್ದಾದ ದುಂಡಕ್ಷರ. ಓದುತ್ತಾ ಕುಳಿತೆ. ಹಂಚಿನ ಲೆಕ್ಕ, ಸುಣ್ಣದ ಲೆಕ್ಕ, ತೋಣಿಯ ಬಾಡಿಗೆ, ಪರ್ಮಿಟ್ ಸಿಮೆಂಟು. 1983ನೇ ಇಸವಿಯ ಓಣಂ ಹತ್ತಿರದ ಒಂದು ಪುಟದಲ್ಲಿ ಕಣ್ಣು ನಿಂತಿತು. 'ಓಣಂ ಬಾಬ್ತು ಕೆಲಸದವರಿಗೆ ಮುಂಡು 10ಕ್ಕೆ 22ರಂತೆ 220-00.'

ಜತೆಗೇ ಇದ್ದ ಹಾಜರಿ ಪುಸ್ತಕ ತೆರೆದೆ. ಆ ತಿಂಗಳಿನಲ್ಲಿ ಒಂಬತ್ತು ಹೆಸರು.

ಗುಮಾಸ್ತನ ಮಗ, ಸ್ವತಃ ಗುಮಾಸ್ತ. ತಾಳೆಯಾಗದ ಲೆಕ್ಕ ಕಂಡರೆ ರಾತ್ರಿ ನಿದ್ದೆ ಬಾರದ ಜಾತಿ ನಮ್ಮದು. 1984 ನೋಡಿದೆ, ಮುಂಡು ಹತ್ತು, ಹೆಸರು ಒಂಬತ್ತು. 1985 ಹಾಗೆಯೇ. 1986 ಹಾಗೆಯೇ. 1987ಕ್ಕೆ ಮುಂಡು ಒಂಬತ್ತು, ಹೆಸರು ಒಂಬತ್ತು. ಲೆಕ್ಕ ತಾಳೆಯಾಗಿತ್ತು.

ಅಪ್ಪ ಜಗಲಿಯಲ್ಲಿ ಕುಳಿತಿದ್ದರು. ಎಂಬತ್ತೊಂದು ವಯಸ್ಸು, ಕಿವಿ ಸ್ವಲ್ಪ ಮಂದ, ಲೆಕ್ಕ ಇನ್ನೂ ಚುರುಕು. ಪುಸ್ತಕ ಅವರ ಮಡಿಲಲ್ಲಿಟ್ಟು ತೋರಿಸಿದೆ. ಕನ್ನಡಕ ಹಾಕಿ ನೋಡಿದರು. ಬಹಳ ಹೊತ್ತು ಏನೂ ಹೇಳಲಿಲ್ಲ.

"ಹತ್ತನೆಯದು ಅವನಿಗೆ," ಎಂದರು ಕಡೆಗೆ. "ಹದಿನಾರು ವರ್ಷದ ಹುಡುಗ. ಕನ್ನಡ ಶಾಲೆಯಲ್ಲಿ ಏಳನೆಯ ಕ್ಲಾಸು ಪಾಸು. ಗೋಡೌನಿನಲ್ಲಿ ಹಂಚು ಎಣಿಸಿ ಇಡುವುದಕ್ಕೆ ಅಂತ ತಂದದ್ದು. ನಾಲ್ಕು ವರ್ಷ ಇದ್ದ."

"ಮತ್ತೆ ಹೆಸರು?"

"ಹತ್ತು ಆಗಬಾರದು ಅಂತ ಉಂಟಲ್ಲ."

ಉಂಟು. 1972ರ ಗ್ರಾಚ್ಯುಟಿ ಕಾನೂನಿನ ಪ್ರಕಾರ ಹತ್ತು ಮಂದಿ ಕೆಲಸಕ್ಕಿರುವ ಅಂಗಡಿಗೆ ಅದು ಅನ್ವಯವಾಗುತ್ತಿತ್ತು. ಐದು ವರ್ಷ ತುಂಬಿದವನು ಬಿಡುವಾಗ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಕೊಡಬೇಕಿತ್ತು. ಒಂಬತ್ತು ಮಂದಿಯಾದರೆ ಕೊಡಬೇಕಾಗಿರಲಿಲ್ಲ. ಕಾನೂನು ಬಲ್ಲವರು ಯಾರೋ ದೊಡ್ಡ ಮುದಲಾಳಿಯ ಕಿವಿಯಲ್ಲಿ ಹೇಳಿದ್ದರು. ಅವರು ಅಪ್ಪನಿಗೆ ಹೇಳಿದರು: "ಒಂಬತ್ತಕ್ಕೆ ನಿಲ್ಲಿಸಿ ರೈಟರೇ." ಹುಡುಗನ ತಿಂಗಳ ಸಂಬಳವನ್ನು ಅಪ್ಪ 'ಸಂಬಳ ಬಾಬ್ತು' ಬರೆಯುವ ಬದಲು 'ಇಳಿಸಿದ ಕೂಲಿ ಬಾಬ್ತು' ಎಂದು ಬರೆದರು. ಹಬ್ಬದ ಮುಂಡಿನ ಲೆಕ್ಕದಲ್ಲಿ ಮಾತ್ರ ಕೈ ಸುಳ್ಳು ಬರೆಯಲಿಲ್ಲವೋ, ಮರೆತರೋ, ಅವರು ಹೇಳಲಿಲ್ಲ. ನಾಲ್ಕು ವರ್ಷವಾದ ಮೇಲೆ ಆ ಹುಡುಗ, ಹೇಗೂ ಪುಸ್ತಕದಲ್ಲಿ ಕೂಲಿಯೇ ಆಗಿದ್ದವನು, ನಿಜವಾಗಿಯೂ ಕೂಲಿಯಾದ. ಕಾರ್ಡು ಮಾಡಿಸಿಕೊಂಡು ಅಂಗಡಿಯ ಹೊಸ್ತಿಲಿನಿಂದ ಹೊರಗೆ ಹೋಗಿ, ನಾಲ್ಕು ಮಾರು ದೂರದಲ್ಲಿ ನಿಂತ.

ಅಲ್ಲಿಂದ 2006ರ ತನಕ ಹಾಜರಿ ಪುಸ್ತಕ ಒಂಬತ್ತನ್ನು ದಾಟಲಿಲ್ಲ. ಅಪ್ಪ ಬಿಡುವಾಗ ಅಂಗಡಿಯಲ್ಲಿ ನಿಜಕ್ಕೂ ಇದ್ದವರು ಹದಿನಾಲ್ಕು. ಅಪ್ಪನ ಕೊನೆಯ ಸಂಬಳ 4,200. ನಾನಾಗ ಬ್ಯಾಂಕಿಗೆ ಸೇರಿ ಮೂರು ವರ್ಷವಾಗಿತ್ತು, ಈ ಲೆಕ್ಕ ಮಾಡಲು ತೋಚಿರಲಿಲ್ಲ. ಆ ದಿನ ಜಗಲಿಯಲ್ಲಿ ಕುಳಿತು ಮಾಡಿದೆ. 4,200ನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 32ರಿಂದ ಗುಣಿಸಿದರೆ 77,538 ರೂಪಾಯಿ. ಅದರ ಬದಲಿಗೆ ಅಪ್ಪನಿಗೆ ಸಿಕ್ಕಿದ್ದು ಒಂದು ಶಾಲು, ಒಂದು ಗೋಡೆ ಗಡಿಯಾರ, ಮತ್ತು ದೊಡ್ಡ ಮುದಲಾಳಿಯ ಕಣ್ಣೀರು. ಕಣ್ಣೀರು ನಿಜವಾದದ್ದೇ, ನಾನು ನೋಡಿದ್ದೇನೆ. ಗಡಿಯಾರ ಈಗಲೂ ಇದೆ, ಐದು ನಿಮಿಷ ಮುಂದೆ ಓಡುತ್ತದೆ.

"ನಿಮಗೆ ಗೊತ್ತಿತ್ತಾ, ಹತ್ತು ಬರೆದರೆ ನಿಮಗೂ ಸಿಗುತ್ತಿತ್ತು ಅಂತ?"

"ಬರೆಯುವವನಿಗೆ ಗೊತ್ತಿರುವುದಿಲ್ಲವಾ?" ಎಂದರು. "ನಿನ್ನ ಕಾಲೇಜಿನ ಫೀಸು ಅವರೇ ಮುಂಗಡ ಕೊಟ್ಟದ್ದು. ನಿನ್ನ ಅಕ್ಕನ ಮದುವೆಗೆ ಅಕ್ಕಿ ಅವರೇ ಕಳಿಸಿದ್ದು. ಅಷ್ಟು ಮಾಡಿದವರಿಗೆ ಹತ್ತು ಅಂತ ಬರೆಯುವುದು ಹೇಗೆ ಮಾರಾಯ?" ಸ್ವಲ್ಪ ಹೊತ್ತು ಬಿಟ್ಟು, "ನನ್ನದು ಹೋಗಲಿ. ಅವನದ್ದು ನಾನು ಬರೆಯಬೇಕಿತ್ತು," ಎಂದರು.

ಇಂಥ ಮಾತಿಗೆ ಮಗ ಏನು ಉತ್ತರ ಕೊಡಬೇಕು ಎಂದು ಯಾವ ಬಿ.ಎ.ಯಲ್ಲೂ ಕಲಿಸುವುದಿಲ್ಲ. ನಾನು ಪುಸ್ತಕ ಮಡಚಿ ಒಳಗೆ ಇಟ್ಟೆ.

ಮರುದಿನ ಚಿಕ್ಕ ಮುದಲಾಳಿಗೆ ಎಲ್ಲವನ್ನೂ ಹೇಳಿದೆ. ಅವರ ತಂದೆಯ ವಿಷಯವಾದ್ದರಿಂದ ಸಿಟ್ಟಾಗಬಹುದೆಂದು ಹೆದರಿದ್ದೆ. ಸಿಟ್ಟಾಗಲಿಲ್ಲ, ಮುಖ ಸಣ್ಣದಾಯಿತು. "ನಾನು ಬಂದ ಮೇಲೆ ಒಬ್ಬರನ್ನೂ ಹೊರಗೆ ಇಟ್ಟಿಲ್ಲ ಸಾರ್. ಪಿ.ಎಫ್. ಉಂಟು, ಇ.ಎಸ್.ಐ. ಉಂಟು," ಎಂದರು. ಅದು ನಿಜ, ನನ್ನ ಕಂಪ್ಯೂಟರೇ ಸಾಕ್ಷಿ. ಏಳು ಇದ್ದದ್ದನ್ನು ಎಂಟು ಮಾಡೋಣ, ಅಣ್ಣನಿಗೂ ಶಾಲು ಹೊದೆಸೋಣ, ಪತ್ರ ನೀವೇ ಬರೆಯಿರಿ ಎಂದರು. ನನಗೂ ಸಂತೋಷವಾಯಿತು. ಒಳಗೊಳಗೆ, ಅಪ್ಪನ ಲೆಕ್ಕದ ತಪ್ಪನ್ನು ಮಗ ತಿದ್ದಿದ ಎಂಬ ಹೆಮ್ಮೆಯೂ ಒಂದಿಷ್ಟು ಇತ್ತು.

ಅಣ್ಣ ಒಪ್ಪಲಿಲ್ಲ.

ಹೊಸ ಷೋರೂಮಿನ ಹಿಂದೆ ಟೈಲ್ಸಿನ ಪೆಟ್ಟಿಗೆ ಇಳಿಸುತ್ತಿದ್ದರು. ತಲೆಯ ತೋರ್ತು ಬಿಚ್ಚಿ ಮುಖ ಒರೆಸಿಕೊಂಡು ಕೇಳಿದರು. ತುಳುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಇಷ್ಟು: "ನಾನು ಮಾಡಿದ ಹೊರೆಗೆ ಕೂಲಿ ತೆಗೆದುಕೊಂಡಿದ್ದೇನೆ. ಅದಕ್ಕೆ ಶಾಲು ಯಾಕೆ? ನಾಳೆ ರೇಟಿನ ಮಾತು ಬಂದಾಗ ಶಾಲು ಹೊದ್ದವನು ಹೇಗೆ ಎದುರು ನಿಲ್ಲುವುದು? ನಮ್ಮ ಗುಂಪಿನಲ್ಲಿ ಹನ್ನೊಂದು ಮಂದಿ ಇದ್ದಾರೆ. ಒಬ್ಬನಿಗೆ ಯಾಕೆ?"

ಅವರ ಮಾತಿನಲ್ಲಿ ಕಹಿ ಇರಲಿಲ್ಲ. ಎದುರಿಗೆ ಹೆದ್ದಾರಿಯ ಕಡೆಗೆ ಕೈ ತೋರಿಸಿ, "ಆ ರೋಡಿನವರನ್ನು ನೋಡಿ," ಎಂದರು. ತಲಪಾಡಿಯಿಂದ ಚೆಂಗಳದ ತನಕ ಆರು ಪಥದ ರಸ್ತೆ ಮಾಡಿದ್ದು ಊರಾಳುಂಗಲ್ ಸೊಸೈಟಿ. ವಟಗರದ ಹತ್ತಿರ 1925ರಲ್ಲಿ ವಾಗ್ಭಟಾನಂದ ಗುರುಗಳ ಪ್ರಭಾವದಿಂದ ಕೂಲಿಕಾರರೇ ಸೇರಿ ಕಟ್ಟಿದ ಸಹಕಾರಿ ಸಂಘ. ಅಲ್ಲಿ ದುಡಿಯುವ ಸದಸ್ಯನೇ ಯಜಮಾನ. ಅಣ್ಣನ ಗುಂಪಿನಲ್ಲಿ ಅದೊಂದು ದೊಡ್ಡ ಚರ್ಚೆಯ ವಿಷಯವಂತೆ. ಸಂಜೆಯ ಚಾ ಕುಡಿಯುವಾಗ ಅವರು ಇಂಥದ್ದನ್ನು ಮಾತಾಡಿಕೊಳ್ಳುತ್ತಾರೆಂದು ನಾನು ತಿಳಿದಿರಲಿಲ್ಲ. ನಮ್ಮ ಬ್ಯಾಂಕಿನಲ್ಲಿ ಸಂಜೆಯ ಚಾಕ್ಕೆ ಮಾತಾಡುವುದು ತುಟ್ಟಿಭತ್ತೆಯ ಬಗ್ಗೆ.

ಹೊರಡುವಾಗ ಅಣ್ಣ ಕರೆದರು. "ಆ ನಾಲ್ಕು ವರ್ಷ," ಎಂದರು. "ಅದು ಬೇಕಾದರೆ ಬರೆದು ಕೊಡಲಿ. ನಾನು ಅಂಗಡಿಯ ಒಳಗೆ ಕೆಲಸಕ್ಕೆ ಇದ್ದೆ ಅಂತ. ಮಗಳು ಕೇಳುತ್ತಾಳೆ, ಅಪ್ಪ ನೀವು ಮೊದಲಿನಿಂದಲೂ ಹೊರೆಯವರೇ ಅಂತ. ನಾನು ಹಂಚು ಎಣಿಸಿ ಪುಸ್ತಕದಲ್ಲಿ ಗೀಟು ಹಾಕುತ್ತಿದ್ದೆ ಅಂದರೆ ನಗುತ್ತಾಳೆ."

ಉದ್ಘಾಟನೆ ಚೆನ್ನಾಗಿಯೇ ನಡೆಯಿತು. ದೀಪ, ಬಲೂನು, ಸ್ವಾಗತ ಭಾಷಣ, ಕನ್ನಡಕ್ಕೂ ಎರಡು ನಿಮಿಷ. ಬಿಲ್ಲಿನ ಹೆಂಗಸು ಶಾಲು ಹೊದೆದುಕೊಂಡು ಕುರ್ಚಿಯಲ್ಲಿ ಕುಳಿತಿದ್ದನ್ನು ನೋಡಲು ಹಿತವಾಗಿತ್ತು. ಗುಡಿಸುವ ಅಕ್ಕ ವೇದಿಕೆಯಲ್ಲಿ ಅತ್ತರು. ಡ್ರೈವರಣ್ಣ ತನ್ನ ಪತ್ರವನ್ನು ಮೈಕಿನ ಮುಂದೆ ತಾನೇ ಓದಿ, 'ಕಾರ್ಯತತ್ಪರತೆ'ಯಲ್ಲಿ ತಡವರಿಸಿ, ಎರಡನೆಯ ಸಲ ಸರಿಯಾಗಿ ಓದಿದರು. ತಪ್ಪು ನನ್ನದು.

ಒಂದು ವಾರದ ನಂತರ, ಭಾನುವಾರ, ಚಿಕ್ಕ ಮುದಲಾಳಿ ಕಂಪೆನಿಯ ಲೆಟರ್‌ಹೆಡ್ಡು, ಸೀಲು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅಣ್ಣನೂ ಬಂದರು, ನೀಲಿ ಅಂಗಿಯಲ್ಲ, ಬಿಳಿ ಅಂಗಿ. ನಾನು ಬರೆದಿಟ್ಟ ಒಕ್ಕಣೆಯನ್ನು ಅಪ್ಪನಿಗೆ ತೋರಿಸಿದೆ. ಅದರಲ್ಲಿ 'ನಿಷ್ಠೆ' ಇತ್ತು, 'ಶ್ರಮಜೀವಿ' ಇತ್ತು. ಅಪ್ಪ ಅದನ್ನು ಬದಿಗಿಟ್ಟು ಪೆನ್ನು ಕೇಳಿದರು. ಕೈ ನಡುಗುತ್ತದೆ, ಒಂದೊಂದು ಅಕ್ಷರಕ್ಕೂ ನಿಲ್ಲಬೇಕು. ಬರೆದದ್ದು ಮೂರೇ ಸಾಲು. ಇಂಥವರು 1983ನೇ ಇಸವಿಯಿಂದ 1987ನೇ ಇಸವಿಯ ತನಕ ಅಂಗಡಿಯಲ್ಲಿ ತಿಂಗಳ ಸಂಬಳಕ್ಕೆ ಗೋಡೌನು ಕೆಲಸಕ್ಕೆ ಇದ್ದರು. ಇವರ ಹೆಸರನ್ನು ಹಾಜರಿಯಲ್ಲಿ ಬರೆಯದೆ ಬಿಟ್ಟದ್ದು ಲೆಕ್ಕ ಬರೆಯುವವನ ತಪ್ಪು. ಇದನ್ನು ಆ ಲೆಕ್ಕ ಬರೆದವನೇ ಬರೆದುಕೊಟ್ಟದ್ದು.

ಚಿಕ್ಕ ಮುದಲಾಳಿ ಓದಿ ಎರಡನೆಯ ಸಾಲಿನ ಹತ್ತಿರ ನಿಂತರು. "ರೈಟರೇ, ಅದು ನಿಮ್ಮ ತಪ್ಪು ಅಲ್ಲವಲ್ಲ," ಎಂದರು.

"ಅಕ್ಷರ ಯಾರದ್ದು?" ಎಂದರು ಅಪ್ಪ.

ಚಿಕ್ಕ ಮುದಲಾಳಿ ಮತ್ತೆ ಮಾತಾಡದೆ ಸಹಿ ಹಾಕಿ ಸೀಲು ಒತ್ತಿದರು. ಅಪ್ಪ ಸೀಲನ್ನು ಬೆಳಕಿಗೆ ಹಿಡಿದು ನೋಡಿ ತಲೆ ಅಲ್ಲಾಡಿಸಿದರು. ಪ್ರೈವೇಟ್ ಲಿಮಿಟೆಡ್ ಎಂದಿದೆ, ಈ ಹೆಸರಿನ ಅಂಗಡಿಯಲ್ಲಿ ಅವನು ಇರಲಿಲ್ಲ, ಆಗ ಇಂಥ ಕಂಪೆನಿಯೇ ಇರಲಿಲ್ಲ, ಲೆಕ್ಕ ತಪ್ಪಾಗುತ್ತದೆ ಎಂದರು. ಮೇಲೆ ಅಚ್ಚಾಗಿದ್ದ ಹೆಸರಿಗೆ ಅಡ್ಡಗೀಟು ಎಳೆದು, ಹಂಚಿನ ಡಿಪೋದ ಹಳೆಯ ಹೆಸರನ್ನು ಕೈಯಲ್ಲಿ ಬರೆದು, ಗೀಟಿನ ಬದಿಗೆ ತಿದ್ದುಪಡಿಗೆಂದು ಚಿಕ್ಕ ಮುದಲಾಳಿಯಿಂದ ಇನ್ನೊಂದು ಸಹಿ ಹಾಕಿಸಿಕೊಂಡರು.

ಅಣ್ಣ ಕಾಗದವನ್ನು ಎರಡು ಸಲ ಓದಿದರು. ಫ್ರೇಮು ಹಾಕಿಸಿ ಕೊಡಲೇ ಎಂದು ಚಿಕ್ಕ ಮುದಲಾಳಿ ಕೇಳಿದ್ದಕ್ಕೆ ಬೇಡವೆಂದು, ನಾಲ್ಕಾಗಿ ಮಡಚಿ ಕಾರ್ಡಿನ ಪ್ಲಾಸ್ಟಿಕ್ ಚೀಲದೊಳಗೆ ತೂರಿಸಿದರು. ಅಪ್ಪ ತಾರೀಕು ಹಾಕಲು ಮರೆತದ್ದು ನೆನಪಾಗಿ, ಮತ್ತೆ ಹೊರಗೆ ತೆಗೆಸಿ, ಅದನ್ನು ನಾನು ಹಾಕಿದೆ.